ಬಾಯಿ, ಗಂಟಲು, ಕುತ್ತಿಗೆ ಕ್ಯಾನ್ಸರ್: ಕೋಲಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಆ ಕಡೆ ಚಿಂತಾಮಣಿಯಿಂದ ಬಾಯಿ ಕ್ಯಾನ್ಸರ್ ಅಂತ ಬರುವವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಡಾಕ್ಟರ್ ಅವಸರದಲ್ಲಿ ಹೇಳಿದ್ದನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಇದನ್ನು ಓದಿಕೊಂಡು ಆಸ್ಪತ್ರೆಗೆ ಹೋಗಿ. ಓದಿ ಆಯ್ತು, ಇನ್ನು ಆಸ್ಪತ್ರೆ ಬೇಡ ಅಂತ ಮಾತ್ರ ಕೂರಬೇಡಿ.

ಬಾಯಲ್ಲಿ ಹುಣ್ಣಾಗಿದೆ. ಕ್ಯಾನ್ಸರ್ ಇರಬಹುದಾ?

ಹೆಚ್ಚಿನ ಹುಣ್ಣುಗಳು ಕ್ಯಾನ್ಸರ್ ಅಲ್ಲ. ಕೆನ್ನೆ ಕಚ್ಚಿಕೊಂಡಾಗ, ನಿದ್ದೆಗೆಟ್ಟಾಗ, ವಿಟಮಿನ್ ಕಡಿಮೆಯಾದಾಗ ಆಗುವ ಹುಣ್ಣು ಉರಿಯುತ್ತದೆ. ಖಾರ ಮುಟ್ಟಲು ಆಗುವುದಿಲ್ಲ. ಒಂದೆರಡು ವಾರದಲ್ಲಿ ತಾನಾಗಿ ಮಾಯುತ್ತದೆ.

ಕ್ಯಾನ್ಸರ್ ಹುಣ್ಣು ಮಾಯುವುದಿಲ್ಲ. ಶುರುವಿನಲ್ಲಿ ಅದು ಎಷ್ಟೋ ಸಲ ನೋಯುವುದೂ ಇಲ್ಲ. ನಮ್ಮ ಜನ ನೋವು ಬಂದ ಮೇಲೆ ತಾನೇ ಡಾಕ್ಟರ್ ಹತ್ತಿರ ಹೋಗುವುದು? ಹಾಗೆ ಕಾಯುತ್ತಾ ತಿಂಗಳುಗಟ್ಟಲೆ ಕಳೆದುಬಿಡುತ್ತಾರೆ. ಮೂರು ವಾರ ಅಂತ ಲೆಕ್ಕ ಇಟ್ಟುಕೊಳ್ಳಿ. ಅಷ್ಟರಲ್ಲಿ ಮಾಯದ ಹುಣ್ಣನ್ನು ನೋವಿರಲಿ, ಬಿಡಲಿ, ತೋರಿಸಲೇಬೇಕು. ಮೆಡಿಕಲ್ ಶಾಪಿನಿಂದ ಒಂದಾದ ಮೇಲೊಂದು ಮುಲಾಮು ತಂದು ಹಚ್ಚುತ್ತಾ ಇರಬೇಡಿ.

ಹುಣ್ಣು ಬಿಟ್ಟು ಬೇರೆ ಯಾವ ಲಕ್ಷಣ ನೋಡಬೇಕು?

ಕೆನ್ನೆಯ ಒಳಗೆ ಅಥವಾ ನಾಲಿಗೆ ಮೇಲೆ ಬಿಳಿ ಮಚ್ಚೆ. ಒರೆಸಿದರೆ ಹೋಗುವುದಿಲ್ಲ. ಕೆಂಪು ಮಚ್ಚೆ ಇದ್ದರೆ ಅದು ಬಿಳಿಯದಕ್ಕಿಂತ ಜಾಸ್ತಿ ಅಪಾಯದ್ದು. ಏನೂ ಕಾರಣವಿಲ್ಲದೆ ಒಂದೆರಡು ಹಲ್ಲು ಅಲುಗಾಡುವುದು, ಹಲ್ಲು ಕೀಳಿಸಿದ ಜಾಗ ವಾರಗಟ್ಟಲೆ ಮಾಯದಿರುವುದು, ಬಾಯಿ ಅಗಲಿಸಲು ಆಗದಿರುವುದು, ಎಂಜಲಲ್ಲಿ ರಕ್ತ ಬರುವುದು, ಇವೂ ಲಕ್ಷಣಗಳೇ.

ಗಂಟಲಿನ ಕ್ಯಾನ್ಸರ್ ಬೇರೆ ಥರ ಕಾಣಿಸಿಕೊಳ್ಳುತ್ತದೆ. ಶೀತವಿಲ್ಲದೆ ದನಿ ಒಡೆದು ಮೂರು ವಾರವಾದರೂ ಸರಿಹೋಗುವುದಿಲ್ಲ. ನುಂಗುವಾಗ ಸಿಕ್ಕಿಕೊಂಡ ಹಾಗೆ ಆಗುತ್ತದೆ. ಕಿವಿಯಲ್ಲಿ ಏನೂ ತೊಂದರೆ ಇಲ್ಲದೆ ಒಂದೇ ಕಡೆ ಕಿವಿ ನೋಯುತ್ತದೆ. ಕಿವಿನೋವು ಅಂತ ಎಣ್ಣೆ ಬಿಟ್ಟುಕೊಂಡು ತಿಂಗಳು ತಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಬಂದರೂ ತೋರಿಸಿ. ಒಂದೇ ಮೂಗಿನ ಹೊಳ್ಳೆಯಿಂದ ಮತ್ತೆ ಮತ್ತೆ ರಕ್ತ ಬರುತ್ತಿದ್ದರೂ ಹಾಗೇ.

ಮನೆಯಲ್ಲೇ ಬಾಯಿ ನೋಡಿಕೊಳ್ಳಬಹುದಾ?

ಖಂಡಿತ. ಹೊಟ್ಟೆಯೊಳಗಿನ ಕ್ಯಾನ್ಸರ್ ನೋಡಲು ಸ್ಕ್ಯಾನ್ ಬೇಕು. ಬಾಯಿಗೆ ಮೊಬೈಲ್ ಟಾರ್ಚು, ಒಂದು ಕನ್ನಡಿ ಇದ್ದರೆ ಸಾಕು. ವಯಸ್ಸಾದವರಿಗೆ ಮನೆಯವರೇ ನೋಡಿದರೆ ಒಳ್ಳೆಯದು. ಹಲ್ಲಿನ ಸೆಟ್ ಇದ್ದರೆ ತೆಗೆಸಿ. ಬಾಯಿ ಮುಕ್ಕಳಿಸಲಿ, ಇಲ್ಲದಿದ್ದರೆ ಎಲೆ ಅಡಿಕೆ ಕೆಂಪಲ್ಲಿ ಏನೂ ಕಾಣುವುದಿಲ್ಲ. ಚಮಚದ ಹಿಂಭಾಗದಿಂದ ಕೆನ್ನೆಯನ್ನು ಮೆಲ್ಲಗೆ ಹೊರಗೆ ಸರಿಸಿ, ಕೆಳಗಿನ ದವಡೆಗೂ ಕೆನ್ನೆಗೂ ನಡುವಿನ ಸಂದಿಯನ್ನು ಕೊನೆಯ ಹಲ್ಲಿನ ತನಕ ನೋಡಿ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಆ ಕಡೆ ಈ ಕಡೆ ಎಳೆದು ಎರಡೂ ಅಂಚು ನೋಡಿ. ನಾಲಿಗೆ ಮೇಲಕ್ಕೆತ್ತಿಸಿ ಅದರ ಅಡಿ ನೋಡಿ. ಆಮೇಲೆ ಬೆರಳಲ್ಲಿ ಮುಟ್ಟಿ. ಗಟ್ಟಿಯಾಗಿ, ಒರಟಾಗಿ ಸಿಗುವ ಜಾಗ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ತಿಂಗಳಿಗೊಂದು ಸಲ ಸಾಕು.

ಬಾಯಿ ನೋಡುವುದರಿಂದ ಜೀವ ಉಳಿಯುತ್ತದೆ ಅನ್ನುವುದಕ್ಕೆ ಪುರಾವೆ ಇದೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು. ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಆ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಈಗ ಸರ್ಕಾರದ ಕಾರ್ಯಕ್ರಮದಲ್ಲೂ 30 ವರ್ಷ ದಾಟಿದ ಎಲ್ಲರ ಬಾಯಿ ಪರೀಕ್ಷೆ ಸೇರಿದೆ. ಆಶಾ ಕಾರ್ಯಕರ್ತೆ ಬಿ.ಪಿ., ಶುಗರ್ ಚೀಟಿ ಬರೆಯಲು ಬಂದಾಗ 'ಬಾಯಿ ಯಾರು ನೋಡ್ತಾರೆ, ಯಾವತ್ತು ಬರಲಿ?' ಅಂತ ಕೇಳಿ.

ನಮ್ಮಜ್ಜಿ ನಲವತ್ತು ವರ್ಷದಿಂದ ಎಲೆ ಅಡಿಕೆ, ಹೊಗೆಸೊಪ್ಪು ಹಾಕ್ತಾರೆ. ಇಲ್ಲಿತನಕ ಏನೂ ಆಗಿಲ್ಲವಲ್ಲ?

ಇಷ್ಟು ವರ್ಷ ಹಾಕಿದ್ದಾರೆ ಅನ್ನುವುದೇ ಚಿಂತೆಯ ವಿಷಯ. ವರ್ಷ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಬೀಡಿ ಸಿಗರೇಟು ಗಂಡಸರದು ಅಂತ ನಾವು ಅಂದುಕೊಂಡಿದ್ದೇವೆ. ಕೋಲಾರದ ಹಳ್ಳಿಗಳಲ್ಲಿ ಬಾಯಿ ಕ್ಯಾನ್ಸರ್ ಬಂದ ಹೆಂಗಸರನ್ನು ನೋಡಿದರೆ ಅವರಲ್ಲಿ ಹೆಚ್ಚಿನವರು ಒಂದು ಬೀಡಿಯನ್ನೂ ಸೇದಿದವರಲ್ಲ. ಸೊಂಟದಲ್ಲಿ ಸಂಚಿ, ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಹೊಗೆಸೊಪ್ಪಿನ ತುಂಡು. ಕಳೆ ಕೀಳುವಾಗ ಹಸಿವು ಗೊತ್ತಾಗಬಾರದು ಅಂತ ಶುರುವಾಗಿದ್ದು, ಹಲ್ಲುನೋವಿಗೆ ಅಂತ ಮುಂದುವರಿದಿದ್ದು.

ಇದರಲ್ಲೂ ನಮ್ಮ ಕಡೆ ಒಂದು ಕೆಟ್ಟ ರೂಢಿ ಇದೆ. ರಾತ್ರಿ ಮಲಗುವಾಗ ಎಲೆ ಅಡಿಕೆ ಹೊಗೆಸೊಪ್ಪನ್ನು ದವಡೆಗೆ ಒತ್ತಿಟ್ಟುಕೊಂಡು ಹಾಗೇ ನಿದ್ದೆ ಹೋಗುತ್ತಾರೆ. ರಾತ್ರಿಯೆಲ್ಲ ಅದರ ರಸ ಒಂದೇ ಜಾಗದಲ್ಲಿ ನೆನೆಯುತ್ತದೆ, ಸುಣ್ಣ ಆ ಚರ್ಮವನ್ನು ಸುಡುತ್ತದೆ. ಹುಣ್ಣು ಆಗುವುದೂ ಹೆಚ್ಚಾಗಿ ಅಲ್ಲೇ, ಅವರು ಇಟ್ಟುಕೊಳ್ಳುವ ಕಡೆಯ ಕೆನ್ನೆಯಲ್ಲಿ. 'ಅಜ್ಜಿ, ಯಾವ ಕಡೆ ಇಟ್ಕೊಳ್ತೀರಾ?' ಅಂತ ಕೇಳಿ ಮೊದಲು ಆ ಕಡೆ ನೋಡಿ. ಇವತ್ತೇ ಪೂರ್ತಿ ಬಿಡಿಸಲು ಆಗದಿದ್ದರೂ ರಾತ್ರಿ ಇಟ್ಟುಕೊಳ್ಳುವುದನ್ನು ಇವತ್ತೇ ನಿಲ್ಲಿಸಿ.

ಹೊಗೆಸೊಪ್ಪು ಇಲ್ಲದೆ ಬರೀ ಎಲೆ ಅಡಿಕೆ ಹಾಕಿದರೆ ಪರವಾಗಿಲ್ಲ ಅಲ್ವಾ?

ಪರವಾಗಿಲ್ಲ ಅಂತ ಹೇಳಲು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತಂಬಾಕು ಇಲ್ಲದ ಎಲೆ ಅಡಿಕೆಯನ್ನೂ, ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವ ಗುಂಪು ಅದೇ.

ಈ ಮಾತು ಹೇಳುವಾಗ ನನಗೂ ಕಷ್ಟವಾಗುತ್ತದೆ. ತುಮಕೂರು ಜಿಲ್ಲೆಯಲ್ಲಿ ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆ ಅಡಿಕೆ ತೋಟವೇ ಎಷ್ಟೋ ಮನೆಗಳ ಅನ್ನ. ತಾಂಬೂಲವಿಲ್ಲದೆ ನಮ್ಮಲ್ಲಿ ಮದುವೆ ಮಾತುಕತೆ ನಡೆಯುವುದಿಲ್ಲ. ತಾಂಬೂಲ ಕೊಡುವುದು, ತಗೊಳ್ಳುವುದು ಬೇರೆ. ದಿನಕ್ಕೆ ಹತ್ತು ಸಲ ಅಡಿಕೆ ಅಗಿಯುತ್ತಾ ಇರುವುದು ಬೇರೆ. ಮಕ್ಕಳ ಕೈಗೆ ಸಿಹಿ ಅಡಿಕೆ ಪೊಟ್ಟಣ ಕೊಡುವುದನ್ನಂತೂ ಯಾರೂ ಮಾಡಬಾರದು.

ಗುಟ್ಕಾ ಬ್ಯಾನ್ ಆಗಿದೆಯಲ್ಲ, ಮತ್ತೆ ಹೇಗೆ ಸಿಗುತ್ತೆ?

ಕರ್ನಾಟಕದಲ್ಲಿ 2013ರಲ್ಲೇ ನಿಷೇಧವಾಯಿತು. ಆಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿ ಜೊತೆಗೆ ಮಾರುತ್ತಾರೆ. ಹುಡುಗರು ಅಂಗಡಿ ಮುಂದೆಯೇ ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಬಾಯಿಗೆ ಹೋಗುವುದು ಹಳೆಯ ಗುಟ್ಕಾನೇ.

ನನಗೆ ವಯಸ್ಸು 28. ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲ, ಖಾರ ತಿಂದರೆ ಉರಿ.

ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಎರಡೇ ಹೋಗುತ್ತಿದ್ದರೆ ತೋರಿಸಬೇಕು. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಿಧಾನವಾಗಿ ನಾರುಗಟ್ಟಿ ಬಿಗಿದುಕೊಳ್ಳುತ್ತದೆ. ಇದು ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಇದ್ದವರಲ್ಲಿ ಒಂದಿಷ್ಟು ಜನಕ್ಕೆ ಮುಂದೆ ಕ್ಯಾನ್ಸರ್ ಆಗುತ್ತದೆ. ಬಿಗಿದ ಚರ್ಮ ಪೂರ್ತಿ ಮೊದಲಿನಂತೆ ಆಗುವುದು ಕಷ್ಟ. ಅಡಿಕೆ ನಿಲ್ಲಿಸಿ, ಬಾಯಿ ತೆರೆಯುವ ವ್ಯಾಯಾಮ ಮಾಡಿ, ವರ್ಷಕ್ಕೆ ಎರಡು ಸಲವಾದರೂ ಹಲ್ಲಿನ ಡಾಕ್ಟರಿಗೆ ತೋರಿಸಿ. ಈ ಹಂತದಲ್ಲಿ ನಿಲ್ಲಿಸಿದವರು ಬಚಾವಾಗುವ ಅವಕಾಶ ಹೆಚ್ಚು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಮೊದಲು ಎಲ್ಲಿಗೆ ಹೋಗಬೇಕು? ನೇರ ಬೆಂಗಳೂರಿಗಾ?

ಬೇಕಾಗಿಲ್ಲ. ಹತ್ತಿರದ ಹಲ್ಲಿನ ಡಾಕ್ಟರ್ ಅಥವಾ ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಿ. ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ. ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲಿ ತಲೆ ಕುತ್ತಿಗೆ ಕ್ಯಾನ್ಸರ್ ಆಪರೇಷನ್‌ಗಳು ವರ್ಷಗಳಿಂದ ನಡೆಯುತ್ತಿವೆ. ಚಿಕ್ಕಬಳ್ಳಾಪುರ, ತುಮಕೂರಿನವರಿಗೂ ಅವರವರ ಜಿಲ್ಲಾ ಆಸ್ಪತ್ರೆ ಇದೆ. ಬೆಂಗಳೂರಿಗೆ ಹೋಗಬೇಕಾಗಿ ಬಂದರೆ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆ ಎಲ್ಲರಿಗೂ ಗೊತ್ತು. 1973ರಿಂದ ಇರುವ ಕ್ಯಾನ್ಸರ್ ಸಂಸ್ಥೆ ಅದು.

ದೊಡ್ಡ ಆಸ್ಪತ್ರೆ ಅಂತ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅಲೆಯುವುದರಲ್ಲಿ ತಿಂಗಳು ಹೋಗಬಾರದು. ಎರಡನೇ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ. ಒಂದು ವಾರದಲ್ಲಿ ಕೇಳಿ ಮುಗಿಸಿ, ಒಂದು ಕಡೆ ನಿಲ್ಲಿ.

ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತೆ ಅಂತಾರೆ. ಕತ್ತಿ ಮುಟ್ಟಿಸಬಾರದಂತೆ?

ಇದೊಂದು ಮಾತು ನಮ್ಮ ಕಡೆ ಎಷ್ಟು ಜನರ ಚಿಕಿತ್ಸೆ ತಡ ಮಾಡಿದೆಯೋ. ಬಾಯಿ ಹುಣ್ಣಿನಿಂದ ತುಂಡು ತೆಗೆದರೆ ಕ್ಯಾನ್ಸರ್ ಹರಡುವುದಿಲ್ಲ. ಜಾಗ ಮರಗಟ್ಟಿಸಿ, ಅಂಚಿನಿಂದ ಕಡಲೆಬೇಳೆಯಷ್ಟು ತುಂಡು ತೆಗೆಯುತ್ತಾರೆ. ಕೆಲವು ನಿಮಿಷದ ಕೆಲಸ, ಅದೇ ದಿನ ಮನೆಗೆ ಹೋಗಬಹುದು. ಈ ಮಾತು ಹುಟ್ಟಿದ್ದು ಹೇಗೆ ಗೊತ್ತಾ? ಬಯಾಪ್ಸಿ ಮಾಡಿಸಿಕೊಂಡು, ರಿಪೋರ್ಟ್ ನೋಡಿ ಹೆದರಿ, ಮನೆಗೆ ಹೋಗಿ ಮೂರು ತಿಂಗಳು ಸುಮ್ನೆ ಕೂರುತ್ತಾರೆ. ಅಷ್ಟರಲ್ಲಿ ರೋಗ ಬೆಳೆದಿರುತ್ತದೆ. ಬೈಗುಳ ಮಾತ್ರ ಬಯಾಪ್ಸಿಗೆ.

ತುಂಡು ಪರೀಕ್ಷೆ ಇಲ್ಲದೆ ಯಾವ ಡಾಕ್ಟರೂ ಕ್ಯಾನ್ಸರ್ ಚಿಕಿತ್ಸೆ ಶುರು ಮಾಡಬಾರದು. ಕುತ್ತಿಗೆ ಗಂಟಿಗೆ ಮಾತ್ರ ಮೊದಲು ಸೂಜಿ ಪರೀಕ್ಷೆ ಮಾಡುತ್ತಾರೆ. ಸರಿಯಾಗಿ ಬಾಯಿ, ಗಂಟಲು ನೋಡದೆ ಗಂಟನ್ನೇ ಕತ್ತರಿಸಿ ತೆಗೆಯಲು ಯಾರಾದರೂ ಹೊರಟರೆ ತಲೆ ಕುತ್ತಿಗೆ ತಜ್ಞರಿಗೆ ಒಮ್ಮೆ ತೋರಿಸಿ ಮುಂದುವರಿಯಿರಿ.

ಬಯಾಪ್ಸಿ ಆಯ್ತು. ಮತ್ತೆ ಸ್ಕ್ಯಾನ್ ಯಾಕೆ?

ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಬಯಾಪ್ಸಿ ಹೇಳುತ್ತದೆ. ಎಷ್ಟು ಆಳಕ್ಕೆ ಹೋಗಿದೆ, ದವಡೆ ಮೂಳೆ ಮುಟ್ಟಿದೆಯಾ, ಕುತ್ತಿಗೆಯ ಗಂಟುಗಳಿಗೆ ಹೋಗಿದೆಯಾ ಅಂತ ಸಿ.ಟಿ. ಅಥವಾ ಎಂ.ಆರ್.ಐ. ಹೇಳುತ್ತದೆ. ಮೂಳೆಗೆ ಸಿ.ಟಿ. ಚೆನ್ನಾಗಿ ತೋರಿಸುತ್ತದೆ, ನಾಲಿಗೆಗೆ ಎಂ.ಆರ್.ಐ. ಶ್ವಾಸಕೋಶವನ್ನೂ ನೋಡುತ್ತಾರೆ. ಮೈಯೆಲ್ಲ ನೋಡುವ ಪೆಟ್ ಸ್ಕ್ಯಾನ್ ಎಲ್ಲರಿಗೂ ಬೇಕಾಗಿಲ್ಲ.

ರಿಪೋರ್ಟಿನಲ್ಲಿ ನಾಲ್ಕನೇ ಸ್ಟೇಜ್ ಅಂತ ಇದೆ. ಇನ್ನು ಆಸೆ ಇಲ್ಲವಾ?

ಇದನ್ನು ಸಮಾಧಾನವಾಗಿ ಓದಿ. ಬೇರೆ ಎಷ್ಟೋ ಕ್ಯಾನ್ಸರ್‌ಗಳಲ್ಲಿ ನಾಲ್ಕನೇ ಹಂತ ಅಂದರೆ ದೇಹದ ಬೇರೆ ಭಾಗಕ್ಕೆ ಹರಡಿದೆ ಅಂತ ಅರ್ಥ. ಬಾಯಿ ಕ್ಯಾನ್ಸರಿನಲ್ಲಿ ಹಾಗಲ್ಲ. ಕೆಳದವಡೆಯ ಮೂಳೆಯನ್ನು ಕೊರೆದು ಒಳಹೊಕ್ಕರೂ, ಕುತ್ತಿಗೆಯಲ್ಲಿ ಎರಡು ಮೂರು ಗಂಟು ಸಿಕ್ಕರೂ ನಾಲ್ಕನೇ ಹಂತ ಅಂತಲೇ ಬರೆಯುತ್ತಾರೆ. ಅದರಲ್ಲಿ ಎ, ಬಿ, ಸಿ ಅಂತ ಒಳಭಾಗಗಳಿವೆ. ನಾಲ್ಕು ಎ ಅಂದರೆ ರೋಗ ಇನ್ನೂ ಬಾಯಿ, ಕುತ್ತಿಗೆಯಲ್ಲೇ ಇದೆ, ಸಾಮಾನ್ಯವಾಗಿ ಆಪರೇಷನ್ ಮಾಡಿ ತೆಗೆಯಬಹುದು, ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತಾರೆ. ನಾಲ್ಕು ಬಿ ಅಂದರೆ ಅಲ್ಲೇ ಇನ್ನೂ ಹೆಚ್ಚು ಬೆಳೆದಿದೆ. ಶ್ವಾಸಕೋಶದಂಥ ದೂರದ ಅಂಗಕ್ಕೆ ಹರಡಿದ್ದರೆ ಮಾತ್ರ ನಾಲ್ಕು ಸಿ.

'ಫೋರ್ತ್ ಸ್ಟೇಜ್ ಅಂತೆ' ಅಂತ ಯಾರೋ ಕಾರಿಡಾರಿನಲ್ಲಿ ಹೇಳಿದ್ದನ್ನು ಕೇಳಿ ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಾಕ್ಟರ್ ಹತ್ತಿರ ಎರಡೇ ಮಾತು ಕೇಳಿ: ಎ, ಬಿ, ಸಿಯಲ್ಲಿ ಯಾವುದು? ಚಿಕಿತ್ಸೆ ಗುಣಪಡಿಸಲಿಕ್ಕಾ, ಇಲ್ಲ ನೋವು ಕಡಿಮೆ ಮಾಡಲಿಕ್ಕಾ?

ಹುಣ್ಣು ಚಿಕ್ಕದು, ಬಾಯಲ್ಲಿದೆ. ಕುತ್ತಿಗೆ ಯಾಕೆ ಕೊಯ್ಯಬೇಕು?

ಬಾಯಿ ಕ್ಯಾನ್ಸರ್ ಮೊದಲು ಹೋಗುವುದೇ ಕುತ್ತಿಗೆಯ ಗಂಟುಗಳಿಗೆ. ಕೈಗೆ ಸಿಗದ, ಸ್ಕ್ಯಾನಿನಲ್ಲೂ ಕಾಣದ ಪುಟ್ಟ ಕಣಗಳು ಅಲ್ಲಿ ಅಡಗಿರಬಹುದು. ಮೊದಲೇ ತೆಗೆಯಬೇಕಾ, ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕಾ ಅಂತ ಡಾಕ್ಟರುಗಳಲ್ಲೇ ಬಹಳ ವರ್ಷ ಚರ್ಚೆ ಇತ್ತು. ಅದಕ್ಕೆ ಉತ್ತರ ಕೊಟ್ಟಿದ್ದು ನಮ್ಮ ದೇಶದ್ದೇ ಅಧ್ಯಯನ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2015ರಲ್ಲಿ ಪ್ರಕಟಿಸಿದರು. ಶುರುವಿನ ಹಂತದ ಬಾಯಿ ಕ್ಯಾನ್ಸರಿಗೆ ಕುತ್ತಿಗೆಯ ಗಂಟುಗಳನ್ನೂ ಜೊತೆಗೇ ತೆಗೆದಾಗ ಮೂರು ವರ್ಷದ ನಂತರ 100ಕ್ಕೆ 80 ಜನ ಬದುಕಿದ್ದರು. ಕಾದು ನೋಡಿದವರಲ್ಲಿ 67.5. ಈಗ ಪ್ರಪಂಚದ ಬಹಳ ಕಡೆ ಇದನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಕುತ್ತಿಗೆ ಕೊಯ್ದಿದ್ದಕ್ಕೆ ಕೆಲವರಿಗೆ ಭುಜ ಎತ್ತಲು ಕಷ್ಟವಾಗುತ್ತದೆ. ಫಿಸಿಯೋಥೆರಪಿ ಬೇಗ ಶುರು ಮಾಡಿದರೆ ತುಂಬ ಸುಧಾರಿಸುತ್ತದೆ.

ಆಪರೇಷನ್ ಮಾಡಿದರೆ ಮುಖ ಕೆಟ್ಟುಹೋಗುತ್ತಾ?

ಬದಲಾವಣೆ ಆಗುತ್ತದೆ. ಎಷ್ಟು ಅನ್ನುವುದು ಗಡ್ಡೆ ಎಷ್ಟು ದೊಡ್ಡದು ಅನ್ನುವುದರ ಮೇಲಿದೆ. ಚಿಕ್ಕದಿದ್ದರೆ ಹೊರಗೆ ಗೊತ್ತೇ ಆಗದ ಹಾಗೆ ಬಾಯಿ ಒಳಗಿಂದಲೇ ತೆಗೆಯುತ್ತಾರೆ. ದೊಡ್ಡದಾದರೆ ಕೆನ್ನೆ, ದವಡೆಯ ಭಾಗ ತೆಗೆದು ಆ ಜಾಗ ತುಂಬಬೇಕು. ಎದೆಯ ಮಾಂಸಖಂಡವನ್ನು ಕುತ್ತಿಗೆ ಒಳಗಿಂದ ಮೇಲೆ ತಂದು ಹೊಲಿಯುವುದು ಒಂದು ವಿಧಾನ. ಮೊಣಕೈ ಕೆಳಗಿನ ಅಥವಾ ತೊಡೆಯ ಚರ್ಮ ತಂದು ರಕ್ತನಾಳ ಜೋಡಿಸುವುದು ಇನ್ನೊಂದು. ದವಡೆಗೆ ಕಾಲಿನ ಪಕ್ಕದ ತೆಳು ಮೂಳೆ ತಂದು ಕೂರಿಸುತ್ತಾರೆ. ಆ ಮೂಳೆ ತೆಗೆದರೂ ಚೇತರಿಸಿಕೊಂಡ ಮೇಲೆ ನಡೆಯಬಹುದು. ಆಪರೇಷನ್ ಮುಂಚೆಯೇ ಸರ್ಜನ್ ಹತ್ತಿರ ಕಾಗದದ ಮೇಲೆ ಬರೆದು ತೋರಿಸಲು ಹೇಳಿ: ಎಲ್ಲಿ ಕೊಯ್ಯುತ್ತೀರಿ, ಎಲ್ಲಿಂದ ತರುತ್ತೀರಿ. ಮೊದಲೇ ತಿಳಿದಿದ್ದವರು ಆಮೇಲೆ ಕನ್ನಡಿ ನೋಡಲು ಅಷ್ಟು ಹೆದರುವುದಿಲ್ಲ.

ಕರೆಂಟ್ ಕೊಡೋದು ಅಂದರೆ ಶಾಕ್ ಕೊಡ್ತಾರಾ?

ಇಲ್ಲ. ರೇಡಿಯೇಷನ್‌ಗೆ ನಮ್ಮ ಜನ ಇಟ್ಟ ಹೆಸರು ಅದು. ಎಕ್ಸ್‌ರೇ ತೆಗೆದ ಹಾಗೆ, ಆ ಹೊತ್ತಿನಲ್ಲಿ ಏನೂ ಗೊತ್ತಾಗುವುದಿಲ್ಲ. ಮುಖ ಅಲುಗಾಡಬಾರದು ಅಂತ ಪ್ಲಾಸ್ಟಿಕ್ ಜಾಲರಿಯ ಮುಖವಾಡ ಮಾಡುತ್ತಾರೆ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ಮೊದಲ ದಿನ ಉಸಿರುಗಟ್ಟಿದ ಹಾಗೆ ಅನಿಸಬಹುದು, ಆದರೆ ಜಾಲರಿ ತುಂಬ ತೂತುಗಳಿರುತ್ತವೆ.

ಆಪರೇಷನ್ ಆದವರಲ್ಲಿ ಎಲ್ಲರಿಗೂ ಬೇಡ. ಬೇಕಾದವರಿಗೆ ಸಾಮಾನ್ಯವಾಗಿ 30ರಿಂದ 33 ಸಲ, ವಾರಕ್ಕೆ ಐದು ದಿನ, ಒಟ್ಟು ಆರು ಆರೂವರೆ ವಾರ. ಗಾಯ ಮಾಯ್ದ ಮೇಲೆ, ಆಪರೇಷನ್ ಆಗಿ ಆರು ವಾರದ ಒಳಗೆ ಶುರುವಾಗಬೇಕು. ನಡುವೆ ಬಿಡುವು ಕೊಡಬಾರದು. ಮೂರನೇ ವಾರದ ಹೊತ್ತಿಗೆ ಬಾಯೆಲ್ಲ ಹುಣ್ಣಾಗಿ, ರುಚಿ ಹೋಗಿ, ಎಂಜಲು ಅಂಟಂಟಾಗುತ್ತದೆ. ಆಗಲೇ ಜನ ಓಡಿಹೋಗುವುದು. ಅರ್ಧಕ್ಕೆ ಬಿಟ್ಟ ರೇಡಿಯೇಷನ್‌ನಿಂದ ಕಷ್ಟ ಪೂರ್ತಿ, ಫಲ ಕಡಿಮೆ. ಹಬ್ಬ, ಜಾತ್ರೆ, ಗೃಹಪ್ರವೇಶ ಎಲ್ಲ ಆಮೇಲೆ.

ಶುರು ಮಾಡುವ ಮುಂಚೆ ಹಾಳಾದ ಹಲ್ಲುಗಳನ್ನು ಕೀಳಿಸಿ ಮಾಯಿಸಿಕೊಳ್ಳಬೇಕು. ರೇಡಿಯೇಷನ್ ಆದ ಮೇಲೆ ದವಡೆ ಮೂಳೆಗೆ ರಕ್ತ ಓಡಾಟ ಕಡಿಮೆ. ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಕೊಳೆಯಬಹುದು. ಹತ್ತು ವರ್ಷ ಬಿಟ್ಟು ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ 'ನನಗೆ ರೇಡಿಯೇಷನ್ ಆಗಿದೆ' ಅಂತ ಮೊದಲೇ ಹೇಳಿ.

ಕೀಮೋ ಕೊಟ್ಟು ಗುಣ ಮಾಡಬಹುದಲ್ಲ, ಆಪರೇಷನ್ ಯಾಕೆ?

ಬಾಯಿ ಕ್ಯಾನ್ಸರ್ ಬರೀ ಕೀಮೋದಿಂದ ಗುಣವಾಗುವುದಿಲ್ಲ. ತೆಗೆದ ಗಡ್ಡೆಯ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ, ಅಥವಾ ಕುತ್ತಿಗೆ ಗಂಟಿನ ಸಿಪ್ಪೆ ಒಡೆದು ಹೊರಬಂದಿದ್ದರೆ, ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ ಕೊಡುತ್ತಾರೆ. ಅದು ರೇಡಿಯೇಷನ್‌ಗೆ ಬಲ ಕೊಡುತ್ತದೆ. ಕಿಡ್ನಿಗೂ ಕಿವಿಗೂ ಸ್ವಲ್ಪ ತೊಂದರೆ ಮಾಡಬಹುದು, ಅದಕ್ಕೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ಗಂಟಲಿನ ಹಲವು ಕ್ಯಾನ್ಸರ್‌ಗಳಿಗೆ ಆಪರೇಷನ್ ಇಲ್ಲದೆ ರೇಡಿಯೇಷನ್, ಕೀಮೋ ಎರಡೇ ಕೊಟ್ಟು ಗುಣಪಡಿಸುವುದೂ ಇದೆ.

ಮೂಗಿನ ಟ್ಯೂಬಿನಲ್ಲಿ ಏನು ಊಟ ಕೊಡಬೇಕು?

ಬಾಯಲ್ಲಿ ನುಂಗಲು ಆಗದವರಿಗೆ ಮೂಗಿನಿಂದ ಹೊಟ್ಟೆಗೆ ಟ್ಯೂಬು ಇಳಿಸುತ್ತಾರೆ, ಊಟ ಅದರಲ್ಲೇ. ಬರೀ ಎಳನೀರು, ಹಣ್ಣಿನ ರಸ ಕೊಟ್ಟು ತೂಕ ಇಳಿಸಬೇಡಿ. ಗಾಯ ಮಾಯಲು ಪ್ರೋಟೀನ್ ಬೇಕು. ನಮ್ಮ ಮನೆಗಳಲ್ಲಿ ಇರುವುದರಲ್ಲೇ ಎಲ್ಲ ಇದೆ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿದ ಹಿಟ್ಟಿನ ಗಂಜಿ ಮಾಡಿ. ಮೊಳಕೆ ಹಿಟ್ಟು ಗಟ್ಟಿಯಾಗಿ ಕಟ್ಟಿಕೊಳ್ಳುವುದಿಲ್ಲ, ಟ್ಯೂಬಿನಲ್ಲಿ ಇಳಿಯುತ್ತದೆ. ಅದಕ್ಕೆ ಹಾಲು, ಒಂದು ಚಮಚ ಎಣ್ಣೆ ಅಥವಾ ತುಪ್ಪ. ಬೇಳೆ ನುಣ್ಣಗೆ ಬೇಯಿಸಿ ಮಿಕ್ಸಿಗೆ ಹಾಕಿ. ಮೊಟ್ಟೆ ತಿನ್ನುವವರಾದರೆ ಬೇಯಿಸಿ ಹಾಲಿನ ಜೊತೆ ಅರೆಯಿರಿ. ಏನೇ ಮಾಡಿದರೂ ತೆಳು ಬಟ್ಟೆಯಲ್ಲಿ ಸೋಸಲೇಬೇಕು. ಒಂದು ಮೆಣಸಿನ ಸಿಪ್ಪೆ ಸಾಕು, ಟ್ಯೂಬು ಕಟ್ಟಿಕೊಳ್ಳುತ್ತದೆ.

ಕೊಡುವಾಗ ಕೂರಿಸಿ, ಆಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಉಗುರುಬೆಚ್ಚಗಿರಲಿ. ಎರಡು ಗಂಟೆಗೊಮ್ಮೆ ಒಂದು ಲೋಟ, ಸಿರಿಂಜನ್ನು ಒತ್ತದೆ ಎತ್ತಿ ಹಿಡಿದರೆ ತಾನಾಗಿ ಇಳಿಯುತ್ತದೆ. ಮುಗಿದ ಮೇಲೆ ಸ್ವಲ್ಪ ನೀರು ಬಿಡಿ. ಮೂಗಿನ ಹತ್ತಿರ ಟ್ಯೂಬಿನ ಮೇಲೆ ಮಾರ್ಕ್ ಇರುತ್ತದೆ. ಅದು ಹೊರಗೆ ಬಂದಿದ್ದರೆ, ಅಥವಾ ಕೊಡುವಾಗ ಕೆಮ್ಮು ಬಂದರೆ, ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಧ್ವನಿಪೆಟ್ಟಿಗೆ ತೆಗೆದರೆ ಮಾತೇ ಹೋಗುತ್ತಾ?

ಶುರುವಿನಲ್ಲೇ ಸಿಕ್ಕರೆ ಧ್ವನಿಪೆಟ್ಟಿಗೆ ಉಳಿಸಿಕೊಂಡೇ ರೇಡಿಯೇಷನ್ ಅಥವಾ ಲೇಸರಿನಿಂದ ಗುಣಪಡಿಸುತ್ತಾರೆ. ಪೂರ್ತಿ ತೆಗೆಯಬೇಕಾಗಿ ಬಂದರೆ ಕುತ್ತಿಗೆಯ ತೂತಿನಿಂದ ಉಸಿರಾಡಬೇಕು. ಮಾತು ಮರಳಿ ಬರಿಸಲು ದಾರಿ ಇದೆ. ಉಸಿರುನಾಳಕ್ಕೂ ಅನ್ನನಾಳಕ್ಕೂ ನಡುವೆ ಒಂದು ಪುಟ್ಟ ಕವಾಟ ಇಡುತ್ತಾರೆ. ಹೊರದೇಶದ್ದು ಸಾವಿರಾರು ರೂಪಾಯಿ. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ಅವರು 'ಔಮ್' ಅನ್ನುವ ಹೆಸರಲ್ಲಿ ಸುಮಾರು 50 ರೂಪಾಯಿಗೆ ಸಿಗುವಂಥದ್ದನ್ನು ರೂಪಿಸಿದರು. ನಿಮ್ಮ ಡಾಕ್ಟರನ್ನು ಅದರ ಬಗ್ಗೆ ಕೇಳಿ.

ಖರ್ಚು ಹೇಗೆ? ಜಮೀನು ಮಾರಬೇಕಾ?

ಮಾರುವ ಮೊದಲು ಕಾರ್ಡು ತೆಗೆಯಿರಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಉಚಿತ. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದ ತನಕ ಸರ್ಕಾರ ಕೊಡುತ್ತದೆ. ಆಧಾರ್, ರೇಷನ್ ಕಾರ್ಡ್ ಬೇಕು. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಕೇಳುತ್ತಾರೆ, ಅದನ್ನು ಮೊದಲ ದಿನವೇ ಮಾಡಿಸಿ. ಅಡ್ಮಿಟ್ ಆಗುವ ಮುಂಚೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಹತ್ತಿರ ಮಾತಾಡಿ. ದುಡ್ಡು ಕಟ್ಟಿ ಆಮೇಲೆ ವಾಪಸ್ ಕೇಳಿದರೆ ಸಿಗುವುದು ಕಷ್ಟ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಫಾರ್ಮ್ ತುಂಬಿಸಿಕೊಳ್ಳಿ. ಹೆಂಗಸರಿಗೆ ಶಕ್ತಿ ಯೋಜನೆಯ ಬಸ್ಸು ಹೇಗೂ ಇದೆ.

ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಕಾ?

ಹೇಳಿ. 'ಬಾಯಲ್ಲಿ ಗಡ್ಡೆ ಇದೆ, ತೆಗೆಸಿದರೆ ಒಳ್ಳೆಯದು, ನಾವೆಲ್ಲ ಜೊತೆಗಿದ್ದೀವಿ' ಅಂತ ಶುರು ಮಾಡಬಹುದು. ಮುಚ್ಚಿಟ್ಟರೆ ಆರು ವಾರ ದಿನಾ ಯಾಕೆ ಆಸ್ಪತ್ರೆಗೆ ಬರಬೇಕು ಅಂತ ಅವರಿಗೆ ಅರ್ಥವಾಗುವುದಿಲ್ಲ, ಅರ್ಧಕ್ಕೆ ಬಿಡುತ್ತಾರೆ. ಹೆಚ್ಚಿನವರಿಗೆ ಒಳಗೊಳಗೇ ಗೊತ್ತಿರುತ್ತದೆ. ಮಕ್ಕಳು ಅಳುತ್ತಾರೆ ಅಂತ ಅವರೂ ಸುಮ್ಮನಿರುತ್ತಾರೆ.

ಅಂಟು ರೋಗವಾ?

ಅಲ್ಲ. ಒಂದೇ ಮನೆಯಲ್ಲಿರಿ, ಮೊಮ್ಮಕ್ಕಳನ್ನು ಎತ್ತಿಕೊಳ್ಳಲಿ. ತಟ್ಟೆ ಲೋಟ ಬೇರೆ ಮಾಡಿ ಅವರ ಮನಸ್ಸು ನೋಯಿಸಬೇಡಿ.

ನಾಟಿ ಔಷಧಿ ಕೊಡುವವರು ಆಪರೇಷನ್ ಇಲ್ಲದೆ ವಾಸಿ ಮಾಡ್ತೀವಿ ಅಂತಾರೆ.

ನಾಟಿ ಔಷಧಿಯಿಂದ ಬಾಯಿ ಕ್ಯಾನ್ಸರ್ ವಾಸಿಯಾದ ಪುರಾವೆ ಇಲ್ಲ. ಸುಡುವ ಲೇಪ ಹಚ್ಚಿ ಹುಣ್ಣು ದೊಡ್ಡದಾಗಿ ಬಂದವರಿದ್ದಾರೆ. ಎರಡು ತಿಂಗಳು ಅದಕ್ಕೆ ಕಳೆದರೆ, ಬಾಯಿ ಒಳಗಿಂದಲೇ ತೆಗೆಯಬಹುದಾಗಿದ್ದ ಗಡ್ಡೆಗೆ ದವಡೆ ತೆಗೆಯಬೇಕಾಗಿ ಬರಬಹುದು. ದೇವರಿಗೆ ಹರಕೆ ಹೊತ್ತುಕೊಳ್ಳಿ, ಜೊತೆಗೆ ಆಪರೇಷನ್ ದಿನಾಂಕವನ್ನೂ ತಗೊಳ್ಳಿ.

ಮತ್ತೆ ಬಂದಿದೆ, ಆಪರೇಷನ್ ಆಗಲ್ಲ ಅಂದರು. ಇನ್ನೇನು ದಾರಿ?

ದಾರಿ ಇನ್ನೂ ಇದೆ. ಮನೆಯಲ್ಲೇ ನುಂಗುವ ಕಡಿಮೆ ಪ್ರಮಾಣದ ಮಾತ್ರೆಗಳು ಇವೆ, ಮೆಥೋಟ್ರೆಕ್ಸೇಟ್, ಸೆಲೆಕಾಕ್ಸಿಬ್ ಥರದ್ದು. ಇವುಗಳ ಬೆಲೆ ಕಡಿಮೆ. ಇಮ್ಯುನೋಥೆರಪಿ ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ವಿರುದ್ಧ ಹೋರಾಡುವಂತೆ ಮಾಡುವ ಔಷಧಿ. ಅದಕ್ಕೆ ಲಕ್ಷಗಟ್ಟಲೆ ಬೇಕು ಅಂತ ನಮ್ಮವರು ಆಸೆಯನ್ನೇ ಬಿಟ್ಟಿದ್ದರು. ಟಾಟಾ ಮೆಮೋರಿಯಲ್‌ನವರು ಈ ಮಾತ್ರೆಗಳ ಜೊತೆ ನಿವೊಲುಮಾಬ್ ಅನ್ನುವ ಇಮ್ಯುನೋಥೆರಪಿ ಔಷಧಿಯನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಒಂದು ವರ್ಷದ ನಂತರ ಬದುಕಿದ್ದವರು ಶೇ. 16ರಿಂದ ಶೇ. 43ಕ್ಕೆ ಏರಿದರು. ನಿಮ್ಮವರಿಗೆ ಇದು ಹೊಂದುತ್ತದಾ ಅಂತ ಕ್ಯಾನ್ಸರ್ ಔಷಧಿ ತಜ್ಞರನ್ನು ಕೇಳಿ.

ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಚಟ ಹಿಡಿಯುತ್ತೆ ಅಂತ ಹೆದರಿ ಕೊಡದೆ ಇರಬೇಡಿ. ಡಾಕ್ಟರ್ ಹೇಳಿದ ಹೊತ್ತಿಗೆ ಸರಿಯಾಗಿ ಕೊಟ್ಟರೆ ರೋಗಿ ನಿದ್ದೆ ಮಾಡುತ್ತಾರೆ, ನಾಲ್ಕು ಮಾತಾಡುತ್ತಾರೆ. ನೋವಿನಿಂದ ನರಳುತ್ತಾ ದಿನ ಕಳೆಯುವ ಅಗತ್ಯ ಯಾರಿಗೂ ಇಲ್ಲ.

ಅಭ್ಯಾಸ ಬಿಡಲು ಆಗುತ್ತಿಲ್ಲ. ಸಹಾಯ ಎಲ್ಲಿದೆ?

1800-11-2356 ನಂಬರಿಗೆ ಫೋನ್ ಮಾಡಿ. ಸರ್ಕಾರದ ಉಚಿತ ಸಹಾಯವಾಣಿ, ತಂಬಾಕು ಪೊಟ್ಟಣದ ಮೇಲೂ ಬರೆದಿರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಮೊದಲ ವಾರ ತಲೆನೋವು, ಸಿಟ್ಟು, ನಿದ್ದೆಗೇಡು ಇರುತ್ತದೆ. ಅದು ಕಡಿಮೆಯಾಗುತ್ತದೆ. ನಿಕೋಟಿನ್ ಚೂಯಿಂಗ್ ಗಮ್ ಥರದ ಔಷಧಿಗಳನ್ನು ಡಾಕ್ಟರ್ ಕೊಡುತ್ತಾರೆ. ಕ್ಯಾನ್ಸರ್ ಬಂದ ಮೇಲೆ ಬಿಟ್ಟು ಏನು ಪ್ರಯೋಜನ ಅನ್ನಬೇಡಿ. ಬಿಟ್ಟವರಿಗೆ ಚಿಕಿತ್ಸೆ ಚೆನ್ನಾಗಿ ಹಿಡಿಯುತ್ತದೆ, ಬಾಯಿಯ ಇನ್ನೊಂದು ಕಡೆ ಹೊಸ ಕ್ಯಾನ್ಸರ್ ಬರುವ ಅಪಾಯ ಕಡಿಮೆಯಾಗುತ್ತದೆ.

ಚಿಕಿತ್ಸೆ ಮುಗಿಯಿತು. ಎಷ್ಟು ದಿನ ಬರುತ್ತಿರಬೇಕು?

ಮರಳಿ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ ಬರುತ್ತದೆ. ಅದಕ್ಕೇ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ಕರೆಯುತ್ತಾರೆ, ಆಮೇಲೆ ಅಂತರ ಹೆಚ್ಚುತ್ತದೆ. ಐದು ವರ್ಷದ ತನಕವಂತೂ ತಪ್ಪಿಸಬಾರದು. ಚೆನ್ನಾಗಿದ್ದೀನಿ ಅಂತ ಅನಿಸಿದರೂ ಹೋಗಿ. ಕುತ್ತಿಗೆಗೆ ರೇಡಿಯೇಷನ್ ಆದವರು ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಬೇಕು. ಸುಸ್ತು, ಮೈ ಊದುವುದು ಅದರಿಂದಲೂ ಇರಬಹುದು, ದಿನಕ್ಕೊಂದು ಮಾತ್ರೆಯಲ್ಲಿ ಸರಿಹೋಗುತ್ತದೆ. ಬಾಯಿ ತೆರೆಯುವ ವ್ಯಾಯಾಮವನ್ನು ಬಿಡಬೇಡಿ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ಇಟ್ಟು, ವಾರಕ್ಕೊಂದು ಕಡ್ಡಿ ಹೆಚ್ಚಿಸುತ್ತಾ ಹೋಗಿ. ಬಯಾಪ್ಸಿ ರಿಪೋರ್ಟ್, ಆಪರೇಷನ್ ಆದ ಮೇಲಿನ ರಿಪೋರ್ಟ್, ಡಿಸ್ಚಾರ್ಜ್ ಚೀಟಿ, ರೇಡಿಯೇಷನ್ ವಿವರ ಎಲ್ಲ ಒಂದೇ ಕವರಿನಲ್ಲಿ ಇಡಿ, ಮೊಬೈಲಿನಲ್ಲೂ ಫೋಟೋ ತೆಗೆದುಕೊಳ್ಳಿ. ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ಕೇಳುವುದು ಅದನ್ನೇ.